ಒಣಗ್ಲಿ ಬಿಡಿ

ಹೊರಮಾವಿನ ನಮ್ಮ ಬಾಡಿಗೆ ಫ್ಲ್ಯಾಟಿಗೆ ಬಂದಿದ್ದ ಪೇಂಟರ್ ಏನು ಕೇಳಿದರೂ "ಒಣಗ್ಲಿ ಬಿಡೀಮ್ಮಾ" ಎನ್ನುತ್ತಿದ್ದರು. ಟೀ ತರಲೇ ಎಂದರೂ ಅದೇ ಉತ್ತರ.

ಹಾಲಿನ ಟೊಳ್ಳು ಜಿಪ್ಸಮ್ ಬೋರ್ಡ್ ಗೋಡೆಯ ತೂತು ತೋರಿಸಿ, ಕುರ್ಚಿ ತಗುಲಿತು ಎಂದು ಸುಳ್ಳು ಹೇಳಿದೆ. ಅವರು ತಮ್ಮ ಮುಷ್ಟಿಯನ್ನು ಅದರೊಳಗಿಟ್ಟು ನೋಡಿದರು. ಸರಿಯಾಗಿ ಕೂತಿತು. ಬೋರ್ಡಿನ ತುಂಡು ಕೂರಿಸಿ, ಪುಟ್ಟಿ ಎಳೆದು, ಸುತ್ತಲಿನ ಗೋಡೆಯಂತೆಯೇ ತರಿತರಿಯಾಗಲೆಂದು ಒದ್ದೆ ಸ್ಪಾಂಜನ್ನು ಮೆಲ್ಲಗೆ ಒತ್ತಿದರು.

ಅಷ್ಟರಲ್ಲಿ ನನ್ನ ಗಂಡ ಬಂದ. "ತೂತು ಹೇಗಾಯ್ತು ಅಂದ್ಳು?" ಎಂದು ಅವರನ್ನು ಕೇಳಿದ. ನಾನು ಅಡುಗೆಮನೆಯ ಬಾಗಿಲಿನತ್ತ ಸರಿದೆ.

"ಕುರ್ಚಿ ಅಂದ್ರು ಸರ್."

"ಕೆಲಸ ಮುಗೀತಲ್ಲ, ಹೊರಡಿ."

"ಒಣಗ್ಲಿ ಬಿಡಿ ಸರ್. ಬಿರುಕು ಬಿಟ್ರೆ ನೋಡ್ಕೋಬೇಕು" ಎಂದವರು ಹಾಲಿನ ನಡುವೆಯೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ನಾನು ಅಡುಗೆಮನೆಗೆ ಹೋಗಿ ಕಮ್ಮನಹಳ್ಳಿಯ ಅಕ್ಕನಿಗೆ ಫೋನ್ ಮಾಡಿದೆ. ಅವಳು ಬರುವವರೆಗೆ ನನ್ನ ಗಂಡ ಹಾಲಿನಲ್ಲಿ ಅತ್ತಿಂದಿತ್ತ ತಿರುಗುತ್ತ, ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತಲೇ ಇದ್ದ. ಪೇಂಟರ್ ದನಿ ಏರಿಸದೆ ಅದೇ ಮಾತು ಹೇಳುತ್ತಿದ್ದರು.

ಅಕ್ಕ ಬಾಗಿಲಲ್ಲಿ ಕಂಡ ಮೇಲೆಯೇ ಅವರು ಎದ್ದು ಸಾಮಾನು ಕಟ್ಟಿಕೊಂಡದ್ದು. ಬ್ಯಾಗು ಹಿಡಿದು ಅಕ್ಕನ ಹಿಂದೆ ಹೊರಡುವಾಗ ನಾನು ಆ ಗೋಡೆಯನ್ನು ಮುಟ್ಟಿ ನೋಡಿದೆ. ಅದು ಯಾವಾಗಲೋ ಒಣಗಿತ್ತು.