ಪರದೆಯೊಳಗೆ ಬೆನ್ನು ತಿರುಗಿಸಿದವನು

ಮೊದಲೇ ಹೇಳಿಬಿಡುತ್ತೇನೆ. ದೆವ್ವ ಕಂಡೆ, ಕನಸು ಖರೆ ಆತು ಅನ್ನುವ ಮಂದಿ ಎದುರಿಗೆ ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗುವವ ನಾನು. ಒಮ್ಮೆ ಮೂರು ದಾರಿ ಕೂಡಿದಲ್ಲಿ ಯಾರೋ ನಿವಾಳಿಸಿ ಇಟ್ಟಿದ್ದ ನಿಂಬೆಹಣ್ಣನ್ನು ಎತ್ತಿಕೊಂಡು ಬಂದು ಶರಬತ್ತು ಮಾಡಿ ಕುಡಿದಿದ್ದೇನೆ. ನನ್ನ ಹೆಂಡತಿ ಮೂರು ದಿನ ಆ ಲೋಟ ಮುಟ್ಟಲಿಲ್ಲ. ಅಂಥವ ಇವತ್ತು ಇದನ್ನು ಬರೆಯಲು ಕುಳಿತಿದ್ದಾನೆ ಅಂದರೆ ನಿಮಗೆ ನಗು ಬರಬಹುದು. ನಗ್ರಿ, ಅಡ್ಡಿಯಿಲ್ಲ. ಆದರೆ ಪೂರ್ತಿ ಓದಿ ನಗ್ರಿ.

ನಾನು ಬೆಟಗೇರಿಯವ. ಕಸುಬು ಬೋರ್ಡು ಬರೆಯುವುದು, ಪರದೆ ಬರೆಯುವುದು. ಕಂಪನಿ ನಾಟಕಗಳಿಗೆ ಪರದೆ ಬರೆಯುತ್ತಿದ್ದ ಒಬ್ಬ ಮುದುಕರ ಕೈಕೆಳಗೆ ಕಲಿತೆ. ಅರಮನೆ, ಕಾಡು, ಬೀದಿ, ಈ ಮೂರು ಬಂದರೆ ಹೊಟ್ಟೆಗೆ ಮೋಸವಿಲ್ಲ ಅನ್ನುತ್ತಿದ್ದರು. ಅವರು ಹಾಕಿಕೊಟ್ಟ ಕಟ್ಟಳೆ ಒಂದೇ: ಪರದೆಯೊಳಗೆ ಮನುಷ್ಯನನ್ನು ಬರೆಯಬಾರದು. ಬೀದಿ ಬರಿ, ಬಾಗಿಲು ಬರಿ, ಬೇಕಾದರೆ ಒಂದು ನಾಯಿ ಬರಿ, ಆದರೆ ಮನುಷ್ಯ ಬೇಡ. ಮನುಷ್ಯ ಮುಂದೆ ಬಂದು ನಿಲ್ಲುವವ, ಹಿಂದೆ ಇನ್ನೊಬ್ಬ ಇದ್ದರೆ ನೋಡುವವರ ಕಣ್ಣು ಒಡೆದು ಎರಡಾಗುತ್ತದೆ. ಇಪ್ಪತ್ತು ವರ್ಷ ಈ ಮಾತು ಮೀರಿರಲಿಲ್ಲ.

ನನಗೊಂದು ಹುಚ್ಚಿತ್ತು. ಗದಗಿನ ಹತ್ತಿ ದಲಾಲರ ಅಂಗಡಿಗಳಿಗೆ ಪರದೇಶದ ಹಡಗಿನ ಕಂಪನಿಗಳಿಂದ ಕ್ಯಾಲೆಂಡರ್ ಬರುತ್ತಿದ್ದವು. ವರ್ಷ ಮುಗಿದೊಡನೆ ಕಸಕ್ಕೆ. ನಾನು ಆರಿಸಿಕೊಂಡು ಬರುತ್ತಿದ್ದೆ. ಹ್ಯಾಂಬರ್ಗ್, ಒಸಾಕಾ, ಅಲೆಕ್ಸಾಂಡ್ರಿಯಾ, ಇಸ್ತಾಂಬುಲ್. ಉಳಿದವರು ಚಿತ್ರ ನೋಡಿ ಆಹಾ ಅಂದರೆ ನಾನು ದೀಪದ ಕಂಬದ ಎತ್ತರ ಅಳೆಯುತ್ತಿದ್ದೆ. ಈ ಊರಿನ ಮನೆಗಳಿಗೆ ಕಟ್ಟೆ ಯಾಕಿಲ್ಲ? ಬಂದರದ ಓಣಿಗಳು ಯಾಕೆ ಇಷ್ಟು ಸೊಟ್ಟ? ಸಮುದ್ರದ ಗಾಳಿ ನೆಟ್ಟಗೆ ಒಳಗೆ ನುಗ್ಗಬಾರದೆಂದು ಸೊಟ್ಟ ಮಾಡಿದ್ದಾರೆ ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಹುಬ್ಬಳ್ಳಿ ದಾಟಿದವನಲ್ಲ, ಜಗತ್ತಿನ ಊರುಗಳ ಬಗ್ಗೆ ಮಾತಿಗೆ ನಿಂತರೆ ಚಹಾದಂಗಡಿಯವ ಗಿರಾಕಿ ಓಡಿಹೋಗುತ್ತಾರೆಂದು ನನ್ನನ್ನೇ ಎಬ್ಬಿಸಿ ಕಳಿಸುತ್ತಿದ್ದ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅರಬರ ದೇಶದಲ್ಲಿ ಎಣ್ಣೆಯ ದರ ಏರಿದ್ದೇ ತಡ, ಇಲ್ಲಿ ಲಕ್ಷ್ಮೇಶ್ವರದ ಗೌಂಡಿ, ಶಿರಹಟ್ಟಿಯ ಟೇಲರ್, ಮುಂಡರಗಿಯ ಡ್ರೈವರ್ ವಿಮಾನ ಹತ್ತಿದರು. ಎಲ್ಲಿಗೆ ಹೋದರೂ ನಮ್ಮ ಮಂದಿ ದುಬೈ ಅಂತಲೇ ಅನ್ನುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಖಾದರಸಾಬ ನನ್ನ ಹಳೆಯ ದೋಸ್ತ. ಅವನಿಗೆ ಇದರಿಂದ ಹೊಸ ವ್ಯಾಪಾರ ಕುದುರಿತು. ಹೆಂಡಂದಿರು ಮಕ್ಕಳನ್ನು ಕರಕೊಂಡು ಬಂದು ಫೋಟೋ ತೆಗೆಸಿ ಗಂಡಂದಿರಿಗೆ ಕಳಿಸುತ್ತಿದ್ದರು. ಹಿಂದಿನ ಪರದೆಯಲ್ಲಿ ಅರಮನೆಯ ಮೆಟ್ಟಿಲು, ಹಂಸಪಕ್ಷಿ ಇದ್ದವು. ಯಾರಿಗೂ ಅದು ಬೇಡವಾಯಿತು.

"ಅವರು ಇರೋವಂಥಾ ಊರು ಬರಿಯೋ ಮಾರಾಯಾ," ಅಂದ ಖಾದರಸಾಬ. "ಫೋಟೋದೊಳಗರ ಒಂದ ಊರಾಗ ಇದ್ದಂಗ ಆಗ್ಲಿ."

ನನಗೆ ಬೇಕಾದದ್ದೂ ಅದೇ. ಎಂಟು ದಿನ ಅವನ ಸ್ಟುಡಿಯೋದಲ್ಲೇ ಉಳಿದೆ. ಮಂಜರಪಾಟು ಬಟ್ಟೆಗೆ ಸುಣ್ಣದ ಹೊದಿಕೆ ಕೊಟ್ಟು, ಪುಡಿಬಣ್ಣಕ್ಕೆ ಅಂಟು ಕಲಸಿ ನಗರ ಕಟ್ಟಿದೆ. ಹ್ಯಾಂಬರ್ಗಿನ ದೀಪದ ಕಂಬ, ಇಸ್ತಾಂಬುಲ್ಲಿನ ಮಾಳಿಗೆಯಿಂದ ಹೊರಚಾಚಿದ ಮರದ ಗ್ಯಾಲರಿ, ಒಸಾಕಾದ ಅಂಗಡಿಯ ಕಂದೀಲು. ಎಡಬಲಕ್ಕೆ ಎತ್ತರದ ಮನೆ, ನಡುವೆ ಓಣಿ, ದೂರದಲ್ಲಿ ಬಲಕ್ಕೆ ಹೊರಳುವ ತಿರುವು. ಜಗತ್ತಿನಲ್ಲಿ ಎಲ್ಲಿಯೂ ಇರದ ಊರು ಅದು. ಇದನ್ನು ನೆನಪಿಡ್ರಿ.

ಎಂಟನೆಯ ದಿನ ಶುಕ್ರವಾರ. ಖಾದರಸಾಬ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ ನಮಾಜಿಗೆ ಹೋದ. ಕೆಲಸ ಮುಗಿದಿತ್ತು. ಕೈ ತೊಳೆದು ಮಲಗಬೇಕಿತ್ತು ನಾನು. ಆಗಲಿಲ್ಲ. ಒಂದು ನಮೂನಿ ಚಡಪಡಿಕೆ. ಕುಂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಆ ತಿರುವಿನಲ್ಲಿ ಏನೋ ಕಡಿಮೆ ಆಗಿದೆ ಅನ್ನಿಸುತ್ತಿತ್ತು, ಏನು ಅಂತ ತಿಳಿಯಲೊಲ್ಲದು. ಹತ್ತಿರ ಹೋದೆ, ದೂರ ಬಂದೆ, ನೀರು ಕುಡಿದೆ. ಬೀಡಿ ಹಚ್ಚಿ ಎರಡು ಸಲ ಎಳೆದು ಒಗೆದೆ. ಅಂಗೈ ತುರಿಸುತ್ತಿತ್ತು. ಅಲ್ಲಿಂದ ಮುಂದಿನದು ನನ್ನ ನೆನಪಿನಲ್ಲಿ ಇಲ್ಲ.

ನಿದ್ದೆ ಬಂತೇನು? ನಿಂತೇ ಇದ್ದೆ. ಕುಡಿದಿದ್ದೆನೇನು? ಆ ಚಟ ನನಗೆ ಹತ್ತಿದ್ದು ಆಮೇಲೆ. ಬಾಗಿಲು ಸರಿದ ಸಪ್ಪಳಕ್ಕೆ ನೋಡಿದರೆ ಖಾದರಸಾಬ ಟೋಪಿ ತೆಗೆಯುತ್ತ ಒಳಗೆ ಬರುತ್ತಿದ್ದ. ನನ್ನ ಕೈಯಲ್ಲಿ ಸಣ್ಣ ಕುಂಚ ಹಸಿಯಾಗಿತ್ತು.

"ಯಾರ್ಲೇ ಅಂವಾ?" ಅಂದ ಅವ.

ತಿರುವಿನಲ್ಲಿ ಒಬ್ಬ ಮನುಷ್ಯ ಇದ್ದ. ಗೇಣುದ್ದ. ನಮಗೆ ಬೆನ್ನು ಮಾಡಿ ಓಣಿಯ ಆಚೆ ಹೊರಟಿದ್ದ. ಎಡಗಡೆಯ ಭುಜ ಇಳಿದಿತ್ತು, ಕೈಯಲ್ಲೊಂದು ಚೀಲ. ಬಣ್ಣ ನನ್ನದು, ಕುಂಚದ ಎಳೆತ ನನ್ನದು. ಬರೆದ ನೆನಪು ಮಾತ್ರ ನನ್ನ ಹತ್ತಿರ ಇರಲಿಲ್ಲ. "ಹೊತ್ತು ಹೋಗಲಿಲ್ಲ, ಬರೆದೆ" ಅಂತ ಖಾದರಸಾಬನಿಗೆ ಸುಳ್ಳು ಹೇಳಿದೆ. ದಣಿವಿನ ಕೆಲಸ ಇದು, ಬಣ್ಣ ಒಣಗಿದ ಮೇಲೆ ಮುಚ್ಚಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ಅವತ್ತೇ ಹೊತ್ತು ಇಳಿಯುವಾಗ ಶಿರಹಟ್ಟಿಯಿಂದ ಇಬ್ಬರು ಹೆಂಗಸರು ಬಂದರು, ಬೀಬಿಜಾನ್ ಮತ್ತು ಅವಳ ಅತ್ತೆ. ಜೊತೆಗೆ ಬೀಬಿಜಾನಳ ನಾಕು ವರ್ಷದ ಮಗಳು. ಗಂಡ ರಾಜೇಸಾಬ ಟೇಲರ್, ಕುವೈತಿಗೆ ಹೋಗಿ ಎರಡು ವರ್ಷವಾಗಿತ್ತು. ಏಳು ತಿಂಗಳಿಂದ ಒಂದು ಕಾಗದವಿಲ್ಲ. ಇದ್ದಾನೋ ಇಲ್ಲವೋ ಅನ್ನುವ ಖಬರೂ ಇಲ್ಲ. ತವರಿನವರು ಬಂದುಬಿಡು ಅನ್ನುತ್ತಿದ್ದರು. ಈಕೆ ಒಪ್ಪಿರಲಿಲ್ಲ. ಮಗಳ ಮುಖ ನೋಡಿದರಾದರೂ ಎರಡು ಸಾಲು ಬರೆದಾನು ಅಂತ ಫೋಟೋ ತೆಗೆಸಲು ಬಂದಿದ್ದಳು. ಇದನ್ನೆಲ್ಲ ಅತ್ತೆ ಹೇಳಿದಳು, ಖಾದರಸಾಬ ದೀಪ ಸರಿಮಾಡುತ್ತ ಕೇಳಿದ. ನಾನು ಡಬ್ಬಿ ತೊಳೆಯುತ್ತಿದ್ದೆ.

ಬೀಬಿಜಾನ್ ಪರದೆಯ ಮುಂದೆ ನಿಲ್ಲಲು ಹೋದವಳು ಹಿಂದಕ್ಕೆ ಹೊರಳಿದಳು. ಹತ್ತಿರ ಹೋದಳು. ಮೂಗು ತಾಗುವಷ್ಟು ಹತ್ತಿರ.

"ಇವರು ನಮ್ಮವರು," ಅಂದಳು.

ಅಳಲಿಲ್ಲ, ಚೀರಲಿಲ್ಲ. ಸಂತೆಯಲ್ಲಿ ಗುರುತಿನವರನ್ನು ಕಂಡಂತೆ ಹೇಳಿದಳು. ಹುಣಸೆಗಿಡದಿಂದ ಬಿದ್ದು ಎಡಭುಜದ ಎಲುಬು ಸೊಟ್ಟ ಕೂಡಿತ್ತಂತೆ, ನಡೆಯುವುದು ಹೀಗೇ ಅಂತೆ. ನಾನು ಅಲ್ಲಿಂದಲೇ ಗದರಿಸಿದಂತೆ ಅಂದೆ, ಬೆನ್ನು ಎಲ್ಲರದೂ ಒಂದೇ ಥರ ಇರ್ತೈತಿ ತಂಗಿ, ಅದು ಬರೇ ಬಣ್ಣ. ಅವಳು ಚೀಲದ ಮೇಲೆ ಬೆರಳಿಟ್ಟಳು. ಗಾದಿ ಹೊಲಿಯುವ ಕೆಂಪು ಬಿಳಿ ಪಟ್ಟಾಪಟ್ಟಿ ಬಟ್ಟೆಯಲ್ಲಿ ತಾನೇ ಹೊಲಿದುಕೊಟ್ಟ ಚೀಲ ಅಂದಳು. ಹೋಗಿ ನೋಡಿದೆ. ಚೀಲದ ಮೇಲೆ ಸೂಜಿಯಷ್ಟು ತೆಳುವಾಗಿ ಕೆಂಪು ಗೆರೆಗಳಿದ್ದವು. ಆ ಎಂಟು ದಿನದಲ್ಲಿ ನಾನು ಕೆಂಪು ಬಣ್ಣದ ಡಬ್ಬಿ ತೆರೆದದ್ದು ಕಂದೀಲು ಬರೆಯಲು ಮಾತ್ರ, ಅದೂ ಮೂರನೆಯ ದಿನ. ಈಗ ಡಬ್ಬಿಯ ಮುಚ್ಚಳ ತೆಗೆದಿತ್ತು.

"ಅಣ್ಣಾರ, ಒಂದ ಸರ್ತಿ ಇವರನ್ನ ಈ ಕಡೆ ತಿರಗಸ್ರಿ," ಅಂದಳು.

"ಬರೀರಿ ಪೇಂಟರ್ರ, ನಿಮ್ಮದೇನ ಗಂಟ ಹೋಗತೈತಿ?" ಅಂದಳು ಅತ್ತೆ.

ಹೆದರಿದೆ. ಖರೆ ಹೇಳುತ್ತೇನೆ, ಭಾಳ ಹೆದರಿದೆ. ಆದರೆ ಹೆದರಿದೆ ಅಂತ ಹೇಳಲು ಬಾಯಿ ಬರಲಿಲ್ಲ. ಪರದೆಯೊಳಗೆ ಮನುಷ್ಯ ಇರಬಾರದು, ಅದು ನಮ್ಮ ಕಸುಬಿನ ಕಟ್ಟಳೆ, ತಪ್ಪಿ ಬರೆದೆ ಅಂತ ಏನೇನೋ ಒದರಿದೆ. ದರ್ಗಾಕ್ಕೆ ಹೋಗಿ ಬರ್ರಿ, ಅಷ್ಟರಲ್ಲಿ ನೋಡೋಣು ಅಂತ ಸಾಗಹಾಕಿದೆ. ಅವರು ಹೊಸ್ತಿಲು ದಾಟಿದ್ದೇ ತಡ, ಗೋಡೆಗೆ ಬಳಿದಿದ್ದ ಬೂದಿ ಬಣ್ಣವನ್ನು ದಪ್ಪಗೆ ಕಲಸಿ ಆ ಮನುಷ್ಯನನ್ನು ಕಾಲಿನಿಂದ ತಲೆಯವರೆಗೆ ಮುಚ್ಚಿಬಿಟ್ಟೆ. ಖಾದರಸಾಬ ಬೇಡ ಅಂದ. ನಾನು ಕೇಳಲಿಲ್ಲ.

ತಿರುಗಿ ಬಂದಳು ಬೀಬಿಜಾನ್. ತಲೆಗೆ ಸೆರಗು ಹೊದ್ದು, ಮಗಳಿಗೆ ಪೌಡರ್ ಹಚ್ಚಿಕೊಂಡು ಬಂದಿದ್ದಳು. ಪರದೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಅಣ್ಣಾರ, ಅವರನ್ನ ಎಲ್ಲಿಗೆ ಕಳಿಸಿದ್ರಿ?"

ಖಾದರಸಾಬ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿ ಫೋಟೋ ತೆಗೆದ. ಮಗಳು ನಕ್ಕಿದ್ದಾಳೆ ಆ ಫೋಟೋದಲ್ಲಿ. ಅವಳ ತಲೆಯ ಮೇಲೆ, ತಿರುವಿನಲ್ಲಿ, ಒಣಗದ ಬಣ್ಣದ ಕಲೆಯೊಂದು ಕಾಣುತ್ತದೆ. ನಾನು ಅವತ್ತೇ ಕಡೆಯ ಬಸ್ಸು ಹಿಡಿದು ಬೆಟಗೇರಿಗೆ ಬಂದೆ.

ನಿದ್ದೆ ಹೋಯಿತು. ಹುಲಕೋಟಿಯಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನ ಗೋಡೆಗೆ ಅಕ್ಷರ ಬರೆಯುವಾಗ ನಡುವೆ ಏಣಿಯಿಂದ ಇಳಿದು ಎರಡು ಮೈಲಿ ಸುಮ್ಮನೆ ನಡೆದು ಬರುತ್ತಿದ್ದೆ. ಕೂಲಿಯವರು ನನಗೆ ಹೊಟ್ಟೆಯ ಬ್ಯಾನಿ ಅಂದುಕೊಂಡರು. ಆರು ತಿಂಗಳಾಗಿರಬೇಕು, ಸಾಮಾನು ಒಯ್ಯಲು ಗದಗಿಗೆ ಬಂದ ಖಾದರಸಾಬ ಖಬರ ತಂದ. ಕುವೈತಿನಲ್ಲಿ ರಾಜೇಸಾಬನ ಕೋಣೆಯಲ್ಲಿದ್ದ ಮುಂಡರಗಿಯವನೊಬ್ಬ ಅವನ ಟ್ರಂಕು ತಂದು ಶಿರಹಟ್ಟಿಯಲ್ಲಿ ಇಳಿಸಿ ಹೋಗಿದ್ದ. ಟ್ರಂಕು ಬಂತು, ಮನುಷ್ಯ ಬರಲಿಲ್ಲ.

ತಡೆಯಲಾಗಲಿಲ್ಲ. ಮರುದಿನ ಮುಂಡರಗಿಗೆ ಹೋಗಿ ಆ ಮನುಷ್ಯನನ್ನು ಹಿಡಿದೆ. ರಾಜೇಸಾಬ ಇದ್ದ ಟೇಲರ್ ಅಂಗಡಿ ಮುಚ್ಚಿಹೋಗಿತ್ತಂತೆ. ಕೆಲಸವಿಲ್ಲದ ನಾಚಿಕೆಗೆ ಕಾಗದ ಬರೆಯುವುದು ಬಿಟ್ಟಿದ್ದನಂತೆ. ಒಂದು ಶುಕ್ರವಾರ ನಮಾಜು ಮುಗಿಸಿ ಬಂದವ, ಇವತ್ತ ಮನಿಗೆ ಕಾಗದ ಹಾಕ್ತೀನಿ ಅಂತ ಚೀಲ ಹಿಡಿದು ಹೊರಬಿದ್ದ. ಕೋಣೆಯ ಬಾಗಿಲಿಂದ ಜೊತೆಗಿದ್ದವರು ನೋಡುತ್ತಿದ್ದಂತೆ ಮೂಲೆಯಲ್ಲಿ ಹೊರಳಿದ. ಮತ್ತೆ ಕಾಣಲಿಲ್ಲ. ದವಾಖಾನೆ, ಪೊಲೀಸು, ಮಸೀದಿ ಎಲ್ಲ ಕಡೆ ಹುಡುಕಿದರು. ಕಾಗದವೂ ಯಾರಿಗೂ ಮುಟ್ಟಲಿಲ್ಲ.

ಯಾವ ಶುಕ್ರವಾರ ಅಂತ ಕೇಳಿದೆ.

"ಹ್ಯಾಂಗ ಹೇಳಲ್ರಿ? ಅಲ್ಲಿ ಶುಕ್ರವಾರ ಎಲ್ಲಾ ಒಂದ ಥರಾ," ಅಂದ. ಮರದ ಗ್ಯಾಲರಿ ಇತ್ತೇನು, ಓಣಿ ಸೊಟ್ಟ ಇತ್ತೇನು ಅಂತ ಕೇಳಿದೆ. ಇಲ್ಲ, ಡಾಂಬರಿನ ನೆಟ್ಟನೆಯ ರಸ್ತೆ, ಸಿಮೆಂಟಿನ ಮನೆಗಳು. ಒಂದು ಗಳಿಗೆ ಹಗುರಾದೆ. ನನ್ನ ಊರು ಸುಳ್ಳು, ಅಂದಮೇಲೆ ಎಲ್ಲ ಸುಳ್ಳು. ಏಳುವಾಗ ಬಾಯಿ ಸುಮ್ಮನಿರದೆ ಚೀಲ ಎಂಥದಿತ್ತು ಅಂತ ಕೇಳಿದೆ. "ಪಟ್ಟಾಪಟ್ಟಿದು. ಹೆಂಡ್ತಿ ಹೊಲಿದಕೊಟ್ಟಿದ್ದು ಅಂತ ಯಾರಿಗೂ ಮುಟ್ಟಾಕ ಕೊಡ್ತಿರ್ಲಿಲ್ಲ," ಅಂದ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಒಂದು ದಿನ ರಟ್ಟು, ಬಣ್ಣ ಕಟ್ಟಿಕೊಂಡು ಶಿರಹಟ್ಟಿಗೆ ಹೋದೆ. ಬೀಬಿಜಾನ್ ತವರಿಗೆ ಹೋಗಿರಲಿಲ್ಲ. ಗಂಡನ ಮಿಷನ್ ಮೇಲೆ ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. "ಬರ್ರಿ ಅಣ್ಣಾರ, ಕುಂಡ್ರಿ" ಅಂದಳು, ಸಿಟ್ಟೇ ಇರಲಿಲ್ಲ ಅವಳಲ್ಲಿ. ಅದನ್ನು ತಾಳಿಕೊಳ್ಳುವುದು ನನಗೆ ಕಷ್ಟವಾಯಿತು. ತಿರುಗಿಸಿ ಬರೆದುಕೊಡುತ್ತೇನೆ ಅಂದೆ. ಮನೆಯಲ್ಲಿ ಅವನ ಒಂದು ಫೋಟೋ ಇರಲಿಲ್ಲ. ಪಾಸ್‌ಪೋರ್ಟಿಗೆ ತೆಗೆಸಿದವೆಲ್ಲ ಅರ್ಜಿಗಳಿಗೆ ಅಂಟಿ ಹೋಗಿದ್ದವು. ಅಡ್ಡಿಯಿಲ್ಲ, ನೀ ಹೇಳು, ನಾ ಬರೀತೀನಿ ಅಂದೆ. ಹಣೆ ಅಗಲಿತ್ತೇನು? ಹುಬ್ಬು ಕೂಡಿದ್ದವೇನು? ಮೂಗು ಹ್ಯಾಂಗಿತ್ತು?

ಅವಳು ಹೊಲಿಯುವುದನ್ನು ನಿಲ್ಲಿಸಿ ಬಾಯಿ ತೆರೆದಳು. ಕಣ್ಣು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ನನ್ನ ಕುಂಚದಿಂದ ಬಣ್ಣ ಇಳಿದು ನೆಲಕ್ಕೆ ಹನಿಯುತ್ತಿತ್ತು.

"ಬೆನ್ನ ನೆನಪೈತ್ರಿ ಅಣ್ಣಾರ. ಬಸ್ ಹತ್ತೂ ಮುಂದ ಅದನ್ನ ನೋಡಿದ್ದು. ಮುಖಾ ನೆನಪಿಗೆ ಬರವಲ್ದ್ರಿ, ಆಗಲೂ ಬರ್ತಿರ್ಲಿಲ್ಲ. ಅದಕ್ಕ ಅವತ್ತ ತಿರಗಸ್ರಿ ಅಂದಿದ್ದೆ."

ಖಾಲಿ ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದೆ. ಆಮೇಲೆ ಎಷ್ಟೋ ತಿಳಿದವರನ್ನು ಕೇಳಿದೆ. ಒಬ್ಬರು ಮನಸ್ಸಿನ ಆಟ ಅಂದರು, ಒಬ್ಬರು ಕಾಕತಾಳೀಯ ಅಂದರು, ಒಬ್ಬರು ತಾಯಿತ ಕಟ್ಟಿಸಿಕೋ ಅಂದರು. ಯಾವುದೂ ನನ್ನೊಳಗೆ ಇಳಿಯಲಿಲ್ಲ. ಆ ಮನುಷ್ಯನನ್ನು ಬರೆದವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಳಿಸಿದವ ಮಾತ್ರ ನಾನೇ.