ಸಂಸೆಯ ಮನೆಗೆ ಬಂದ ಎರಡನೇ ಫೋನು

ಸತ್ತವರು ತಿರುಗಿ ಎಲ್ಲಿಗೂ ಬರುವುದಿಲ್ಲ ಎಂದು ವಾದ ಮಾಡುವವರಲ್ಲಿ ನಾನೇ ಮುಂದು. ದೆವ್ವ, ಭೂತ ಎಂದು ಯಾರಾದರೂ ಶುರುಮಾಡಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಈಗಲೂ ನಂಬುತ್ತೇನೆ ಎಂದೇನೂ ಹೇಳುತ್ತಿಲ್ಲ. ಆದರೆ ಎರಡು ಸಾವಿರದ ಮೂರೋ ನಾಲ್ಕೋ ಇಸವಿಯ ಮಳೆಗಾಲದಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ಯೋಚಿಸಿ.

ನಾನು ನಮ್ಮ ಯಜಮಾನರಿಗೆ ಎರಡನೆಯ ಹೆಂಡತಿ. ಮೊದಲನೆಯವಳು ಕಾಯಿಲೆಯಲ್ಲಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ನನ್ನನ್ನು ಮದುವೆಯಾದರು. ಒಳ್ಳೆಯ ಮನುಷ್ಯ, ಒಂದು ದಿನ ದನಿ ಎತ್ತಿದವರಲ್ಲ. ಆದರೆ ರಜೆಗೆಂದು ಎಲ್ಲಿಗೆ ಹೊರಟರೂ ಅವಳು ಅಲ್ಲಿಗೆ ಮೊದಲೇ ಹೋಗಿ ಬಂದಿರುತ್ತಿದ್ದಳು. ಚಿಕ್ಕಮಗಳೂರಿನ ಲಾಡ್ಜಿನ ಬಾಗಿಲಲ್ಲಿ ನಿಂತು, "ಇಲ್ಲೇ ನಾವು ಉಳ್ಕೊಂಡಿದ್ದು" ಎನ್ನುವರು. ಮೂಡಿಗೆರೆಯಲ್ಲೂ ಅದೇ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗಲೂ ಅದೇ. ಆ 'ನಾವು' ಎಂಬುದರಲ್ಲಿ ನಾನಿಲ್ಲ ಎಂದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಸತ್ತವಳ ಮೇಲೂ ಹೊಟ್ಟೆಕಿಚ್ಚೇ ಎಂದು ನೀವು ಕೇಳಬಹುದು. ಬದುಕಿದ್ದವಳಾದರೆ ಜಗಳವನ್ನಾದರೂ ಆಡಬಹುದಿತ್ತು, ಸತ್ತವಳ ಹತ್ತಿರ ಏನು ಮಾಡುವುದು ಹೇಳಿ?

ಅದಕ್ಕೇ ಆ ಸಲ ಉಳಿಯುವ ಜಾಗ ನಾನೇ ಹುಡುಕುತ್ತೇನೆ ಎಂದು ಹಟ ಹಿಡಿದೆ. ತೋಟದ ಮನೆಗಳಲ್ಲಿ ಹೋಂಸ್ಟೇ ಎಂದು ಆಗಷ್ಟೇ ಶುರುವಾಗುತ್ತಿದ್ದ ಕಾಲ. ಸಂಸೆಯ ಹತ್ತಿರ ಒಂದು ಮನೆಯವರು ಹೊಸದಾಗಿ ತೆರೆದಿದ್ದಾರೆಂದು ಪೇಪರಿನಲ್ಲಿ ನೋಡಿದೆ. ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರದ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಶನಿವಾರ ಗಂಡ ಹೆಂಡತಿ ಬರುತ್ತೇವೆ ಎಂದಷ್ಟೇ ಹೇಳಿದೆ. ಬೇರೆ ಯಾರಿಗೂ ತಿಳಿಸಲಿಲ್ಲ. ಇವರಿಗೂ ಹೇಳಿದ್ದು ಕಳಸದಲ್ಲಿ ಬಸ್ಸಿಳಿದು ಜೀಪು ಹತ್ತುವಾಗ. "ಸಂಸೇಲಿ ನಾನು ಯಾವತ್ತೂ ಉಳಿದಿಲ್ಲ ನೋಡು" ಎಂದರು. ಅಬ್ಬಾ, ಗೆದ್ದೆ ಎನಿಸಿತು!

ಮನೆಯಾಕೆ ಐವತ್ತು ದಾಟಿದ, ಬಾಯ್ತುಂಬ ಮಾತನಾಡುವ ಹೆಂಗಸು. ಮಧ್ಯಾಹ್ನ ಎಲೆ ಹಾಕಿ ಬಿಸಿ ಕಡುಬು ಬಡಿಸಿದರು. ಮಳೆಗಾಲದಲ್ಲಿ ಆ ಕಡೆ ನೆಂಟರು ಬಂದರೆ ಕಳಲೆ ಪಲ್ಯ ಆಗಲೇಬೇಕು. ಎಳೆ ಬಿದಿರನ್ನು ಹೆಚ್ಚಿ, ದಿನಾ ನೀರು ಬದಲಾಯಿಸಿ ನೆನೆಸಿಟ್ಟ ಮೇಲೇ ಅಡುಗೆ. ಅದನ್ನು ಬಡಿಸಲಾಗಲಿಲ್ಲವೆಂದು ಆಕೆ ಪೇಚಾಡಿಕೊಂಡರು.

"ನಿಮ್ಗೇ ಅಂತ ಕಳಲೆ ನೆನೆಸಿಟ್ಟಿದ್ದೆ ಮಾರಾಯ್ರೆ. ನೀವು ಫೋನಲ್ಲಿ ಬೇಡ ಅಂದ್ರಲ್ಲ, ಪಕ್ಕದ ಮನೆಗೆ ಕೊಟ್ಬಿಟ್ಟೆ."

ನಾನು ಯಾವಾಗ ಹೇಳಿದೆ ಎಂದೆ.

"ನಿನ್ನೆ ಬೆಳಿಗ್ಗೆ! ನಮ್ಮನೆಯವ್ರಿಗೆ ಕಳಲೆ ತಿಂದ್ರೆ ಪಿತ್ತಗಂಧೆ ಏಳ್ತದೆ, ಬಾಯಿಬಿಟ್ಟು ಹೇಳೋರಲ್ಲ, ಬಡಿಸಿದ್ರೆ ಸುಮ್ನೆ ತಿಂದು ಆಮೇಲೆ ಮೈಯೆಲ್ಲ ಕೆರ್ಕೊಳ್ತಾರೆ ಅಂದ್ರಿ. ಮರ್ತ್ರಾ?"

ಹಿಂದಿನ ದಿನ ನಾನು ಫೋನಿನ ಹತ್ತಿರ ಸುಳಿದೇ ಇರಲಿಲ್ಲ. ಕಳಲೆ ಇವರಿಗೆ ಆಗುವುದಿಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ. ಆ ಮಳೆಗಾಲದಲ್ಲೇ ನಾನು ಪಲ್ಯ ಮಾಡಿ, ಬೇಡ ಬೇಡವೆಂದರೂ ಮತ್ತೊಮ್ಮೆ ಬಡಿಸಿದ್ದೆ. ಚೆನ್ನಾಗಿದೆ ಎಂದು ತಿಂದಿದ್ದರು. ಮೈಮೇಲೆ ದದ್ದು ಎದ್ದದ್ದಕ್ಕೆ ಸೊಳ್ಳೆ ಕಡಿದಿದೆ ಎಂದಿದ್ದರು.

ಇವರ ಮುಖ ನೋಡಿದೆ. ಕೈ ಎಲೆಯ ಮೇಲೇ ನಿಂತಿತ್ತು. ಫೋನ್ ಮಾಡಿದ್ದು ಯಾರು ಎಂದು ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ನಾನು ಪಕ್ಕದಲ್ಲಿದ್ದೇನೆ ಎಂಬುದನ್ನೇ ಮರೆತವರಂತೆ ಮನೆಯಾಕೆಯನ್ನು ನೋಡುತ್ತ, "ಇನ್ನೇನು ಹೇಳಿದ್ಲು?" ಎಂದರು.

ಆಕೆ ಗಾಬರಿಯಿಂದ ನನ್ನ ಕಡೆ ತಿರುಗಿದರು. "ಅಷ್ಟೇ. ಮಾತಾಡ್ತಾ ಇದ್ದಂಗೇ ಲೈನ್ ಕಟ್ಟಾಯ್ತು."

ಬೇರೆ ಯಾರೋ ಅತಿಥಿಗಳ ಫೋನು ಇರಬೇಕೆಂದು ವಿಚಾರಿಸಿದೆ. ಆ ವಾರ ನಮ್ಮನ್ನು ಬಿಟ್ಟರೆ ಯಾರೂ ಬರುವವರಿರಲಿಲ್ಲ. ಇವರಿಗೆ ತಾಯಿಯಿಲ್ಲ, ಅಕ್ಕತಂಗಿಯರಿಲ್ಲ. ಇವರೇ ಯಾರಿಂದಲೋ ಹೇಳಿಸಿದರು ಎನ್ನೋಣವೆಂದರೆ, ಎಲ್ಲಿಗೆ ಹೊರಟಿದ್ದೇವೆ ಎಂದೇ ಇವರಿಗೆ ತಿಳಿದಿರಲಿಲ್ಲ. ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೇನೆ, ಒಂದೂ ಹೊಂದುವುದಿಲ್ಲ. ನಿಮಗೇನಾದರೂ ತೋಚಿದರೆ ದಯವಿಟ್ಟು ಹೇಳಿ.

ಮಾರನೆಯ ದಿನ ತೋಟ ನೋಡಿ ಬರೋಣ ಬನ್ನಿ ಎಂದು ಕರೆದೆ. ಮಳೆ ಎಂದರು. ಹೊರಗೆ ಬಿಸಿಲಿತ್ತು. ಹಾಲಿನಲ್ಲಿ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. ಊಟದ ಹೊತ್ತಿಗೆ ಅದು ಹೊಡೆದುಕೊಂಡಿತು. ಮನೆಯವರು ಒಳಗಿನಿಂದ ಬರುವಷ್ಟರಲ್ಲಿ ಇವರೇ ರಿಸೀವರ್ ಎತ್ತಿ, ಮೆಲ್ಲಗೆ, "ಹೇಳು" ಎಂದರು. ಆ ಕಡೆ ಯಾರೋ ಕಾಫಿ ರೇಟು ವಿಚಾರಿಸುತ್ತಿದ್ದರು.

ಅಷ್ಟು ಮೃದುವಾಗಿ ಇವರು ನನ್ನ ಹತ್ತಿರ ಇಂದಿನವರೆಗೂ ಮಾತನಾಡಿಲ್ಲ.