ಹುಳ ಬಿಟ್ಟು ಹೊರಟ ಭಾನುವಾರ

“ಅಮ್ಮ, ವರಲಕ್ಷ್ಮಜ್ಜಿ ಯಾಕೆ ಎಲ್ಲಿಗೂ ಬರಲ್ಲ?” ಎಂದು ಮೌನಿಕಾ ಕೇಳಿದಳು. ರೇಷ್ಮೆಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಪಕ್ಕದ ಮನೆಯ ಆ ಅಜ್ಜಿ ಸೊಸೆಯನ್ನೂ ನಂಬದೆ, ಜಂಗಮಕೋಟೆ ಬಿಟ್ಟು ಕದಲಿದವರಲ್ಲ. ಆ ಭಾನುವಾರ ಮೌನಿಕಾಳ ತಾಯಿ ಸೌಜನ್ಯ ಹಟ ಹಿಡಿದು, ಮಾಲ್ ನೋಡಿ ಬರೋಣವೆಂದು ಅವರನ್ನೂ ದೇವನಹಳ್ಳಿ ಬಸ್ಸು ಹತ್ತಿಸಿದಳು.

ಮಾಲ್‌ನೊಳಗೆ ಕಾಲಿಟ್ಟ ಅಜ್ಜಿ, “ಈ ತಂಪು ನಮ್ಮ ಹುಳಕ್ಕಿದ್ದಿದ್ರೆ ಗೂಡು ಎಷ್ಟು ಗಟ್ಟಿ ಬರ್ತಿತ್ತಮ್ಮ” ಎನ್ನುತ್ತಾ ಮತ್ತೆ ಸೊಸೆಗೆ ಫೋನು ಹಚ್ಚಿದರು. “ಒದ್ದೆ ಸೊಪ್ಪು ಹಾಕಿಲ್ಲ ತಾನೇ?”

“ಇಲ್ಲತ್ತೆ, ನೀವೇ ಕೇಳಿ” ಎಂದು ಸೊಸೆ ಫೋನನ್ನು ಹುಳದ ತಟ್ಟೆಯ ಹತ್ತಿರ ಹಿಡಿದಳು.

ಮೇಯುವ ಸರಸರ ಸದ್ದು ಕೇಳಿ ಅಜ್ಜಿಯ ಮುಖ ಸಡಿಲಾಯಿತು. ಹೊರಗೆ ಮರದಡಿ ಕೂತು, ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡರು. ತಲೆಯ ಮೇಲೆ ಹಾರಿದ ವಿಮಾನ ಮರೆಯಾಗುವವರೆಗೂ ನೋಡಿ ಹೇಳಿದರು:

“ಸೌಜನ್ಯಾ, ಬರೋ ಭಾನುವಾರ ನನ್ನ ಸೊಸೇನ ಕರ್ಕೊಂಡು ಬಾರಮ್ಮ. ಹುಳ ನಾನು ನೋಡ್ಕೋತೀನಿ.”